ಪಾತ್ರೆ ಮೂಟೆ

"ಮೂಟೆ ಬಿಚ್ಚೇ! ಏನು ಬಾಯಿ ಬಿಟ್ಟುಕೊಂಡು ನಿಂತಿದ್ದೀಯ? ಅಳಿಯಂದ್ರು ಹಸಿದಿದ್ದಾರೆ. ಮೊದಲು ಒಲೆ ಹಚ್ಚು, ಅನ್ನಕ್ಕಿಡು. ಮಿಕ್ಕಿದ್ದೆಲ್ಲ ಆಮೇಲೆ!"

ಅತ್ತೆಯ ದನಿಗೆ ಸಮುದ್ರದ ದಡದ ಆ ಬಾಡಿಗೆ ಮನೆಯ ತಗಡಿನ ಮಾಡೂ ಒಮ್ಮೆ ಅದುರಿದಂತಾಯಿತು. ಜಗುಲಿಯ ನಟ್ಟನಡುವೆ ಗೋಣಿಚೀಲದ ಮೂಟೆ ಕೂತಿತ್ತು. ಬಸ್ಸಿನ ನೆತ್ತಿಯ ಮೇಲೆ ದಾರಿಯುದ್ದಕ್ಕೂ ಧೂಳು ಕುಡಿದು ಬಂದಿದ್ದ ಆ ಮೂಟೆಯ ಬಾಯನ್ನು ಸೊಸೆಯೇ ದಪ್ಪ ದಾರದಿಂದ ಹೊಲಿದಿದ್ದಳು. ಈಗ ಅವಳೇ ಚಾಕು ಹಿಡಿದು ನಿಂತಿದ್ದಳು, ಕೈ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಈ ಗಳಿಗೆಗಾಗಿ ಎಷ್ಟೋ ದಿನದಿಂದ ಮನಸ್ಸು ಗಟ್ಟಿ ಮಾಡಿಕೊಂಡು ಬಂದವಳಿಗೆ, ಗಳಿಗೆ ಎದುರಿಗೇ ಬಂದು ನಿಂತಾಗ ನಾಲಿಗೆಯ ಪಸೆ ಆರಿಹೋಯಿತು.

"ಕೊಡು ಇಲ್ಲಿ!" ಅತ್ತೆ ಚಾಕು ಕಿತ್ತುಕೊಂಡು ದಾರ ಹರಿದರು. ಮೊದಲು ಒಂದು ಹಳೆಯ ಮುಚ್ಚಳ ಬಂತು, ಆಮೇಲೆ ಒಂದು ಸೌಟು. ಅವೆರಡನ್ನು ಸೊಸೆ ದಾರಿಯಲ್ಲಿ ಪಾತ್ರೆಯ ಸದ್ದಾಗಲೆಂದೇ ಮೇಲೆ ಇಟ್ಟಿದ್ದಳು. ಅವುಗಳ ಕೆಳಗೆ ಅತ್ತೆಯ ಕೈಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದರು, ಮತ್ತೂ ಎಳೆದರು. ಕರಿಯ ರಬ್ಬರು ಮಡಿಕೆ ಮಡಿಕೆಯಾಗಿ ಬರುತ್ತಲೇ ಇತ್ತು. ಕೊನೆಗೆ ಒಂದು ಗಾಳಿ ಪಂಪು ಠಣ್ಣೆಂದು ನೆಲಕ್ಕೆ ಬಿತ್ತು.

"ಏನಿದು?"

"ಲಾರಿ ಟ್ಯೂಬು, ಅತ್ತೆ. ಎರಡಿದೆ."

"ಲಾರಿ ಟ್ಯೂಬಾ! ಪಾತ್ರೆ ಎಲ್ಲೇ? ಕುಕ್ಕರ್ ಎಲ್ಲಿ? ಬಾಣಲೆ ಎಲ್ಲಿ?"

"ಮನೇಲಿ. ತೊಳೆದು, ಶೆಲ್ಫಿನ ಮೇಲೆ ಬೋರಲು ಹಾಕಿ ಬಂದಿದ್ದೀನಿ."

ಕಂಬಕ್ಕೆ ಒರಗಿ ಚಪ್ಪಲಿಯ ಮರಳು ಕೊಡವುತ್ತಿದ್ದ ಗಂಡ ಹಾಗೇ ಒಂಟಿಕಾಲಲ್ಲಿ ನಿಂತುಬಿಟ್ಟ. ಅವನ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕನ ಗಂಡ, ಅಂದರೆ ಭಾವ, ಊಟದ ವಿಷಯದಲ್ಲಿ ತಮಾಷೆ ಸಹಿಸದ ಮನುಷ್ಯ, ಮೂಟೆಯೊಳಗೆ ತಾನೇ ಇಣುಕಿ ನೋಡಿ ನಿಟ್ಟುಸಿರುಬಿಟ್ಟ.

"ಮರೆತುಬಿಟ್ಟಳೇನೋ ಅಮ್ಮ. ಅವಸರದಲ್ಲಿ ಮೂಟೆ ಅದಲುಬದಲಾಗಿರಬೇಕು," ಎಂದಳು ಗಂಡನ ಅಕ್ಕ. ಎಂದೂ ಇಲ್ಲದ ಕನಿಕರ ಅವಳ ದನಿಯಲ್ಲಿತ್ತು.

ಹೌದು ಅಂದುಬಿಟ್ಟಿದ್ದರೆ ಸಾಕಿತ್ತು. ಗಂಟೆ ಹೊತ್ತು ಬೈಗುಳ ತಿಂದು ಎಲ್ಲ ತಣ್ಣಗಾಗುತ್ತಿತ್ತು. ತಲೆ ತಗ್ಗಿಸುವುದು ಅವಳಿಗೇನು ಹೊಸತೇ? ಆದರೆ ಸಮುದ್ರದ ವಿಷಯದಲ್ಲಿ ಅವಳು ಒಮ್ಮೆ ಸುಳ್ಳು ಹೇಳಿದ್ದಳು. ಆ ಸುಳ್ಳಿನ ಉರಿ ಇನ್ನೂ ಆರಿರಲಿಲ್ಲ.

"ಮರೆತಿಲ್ಲ ಅತ್ತಿಗೆ. ಬೇಕು ಅಂತಲೇ ಬಿಟ್ಟು ಬಂದೆ," ಎಂದಳು.

ಹಿಂದೊಮ್ಮೆಯೂ ಅವರೆಲ್ಲ ಇದೇ ದಡಕ್ಕೆ, ಇದೇ ಮನೆಗೆ ಬಂದಿದ್ದರು. ಜನ ಬಾರದ ತಿಂಗಳು ನೋಡಿ ಬಂದರೆ ಬಾಡಿಗೆ ಕಡಿಮೆ. ಅಡುಗೆಮನೆ ಇರುವ ಜಾಗ ಹಿಡಿದರೆ ಹೋಟೆಲಿನ ಖರ್ಚಿಲ್ಲ. ಅಕ್ಕಿ ಬೇಳೆ ಪಾತ್ರೆ ಪಗಡ ಎಲ್ಲ ಮನೆಯಿಂದಲೇ! "ಇಷ್ಟು ಸೋವಿಯಲ್ಲಿ ಸಮುದ್ರ ನೋಡಿ ಬಂದವರು ಈ ಬೀದಿಯಲ್ಲಿ ಯಾರಿದ್ದಾರೆ?" ಎಂದು ಅತ್ತೆ ವರ್ಷಗಟ್ಟಲೆ ಹೇಳಿಕೊಂಡು ಮೆರೆದಿದ್ದರು. ಖರ್ಚು ಉಳಿದದ್ದು ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಉಳಿದದ್ದು ಸೊಸೆಯ ರಟ್ಟೆಯಿಂದ. ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟ, ಅದರ ಪಾತ್ರೆ ತೊಳೆಯುವಷ್ಟರಲ್ಲಿ ಸಂಜೆಯ ಚಹಾ, ನೀರಾಡಿ ಹಸಿದು ಬಂದವರಿಗೆ ಮತ್ತೆ ಊಟ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ನೀರಿನ ತೊಟ್ಟಿ, ಅಷ್ಟೇ. ಅಲೆಯ ಸದ್ದು ಕೇಳುತ್ತಿತ್ತು, ಅದೂ ಕುಕ್ಕರ್ ಕೂಗದೆ ಇದ್ದಾಗ. ಮಗಳು ಪುಟ್ಟಿ ಒದ್ದೆ ಕಾಲಲ್ಲಿ ಓಡಿ ಬರುತ್ತಿದ್ದಳು, ಅವಳ ಹಿಂದೆ ಉಳಿದವರೂ. ಸಮುದ್ರವೆಂದರೆ ಅವಳ ಪಾಲಿಗೆ ಎಷ್ಟು ಗುಡಿಸಿದರೂ ಮುಗಿಯದ ಮರಳು! ಕೊನೆಯ ದಿನವಾದರೂ ಹೋಗೋಣವೆಂದು ಪಾತ್ರೆ ಬೇಗ ಬೇಗ ತೊಳೆದಿಟ್ಟು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅತ್ತೆ, "ಬಸ್ಸಿಗೆ ಹೊತ್ತಾಯ್ತು, ಮೂಟೆ ಕಟ್ಟು," ಎಂದಿದ್ದರು. ಬಸ್ಸಿನಲ್ಲಿ ಭಾವನ ತಲೆಯಾಚೆ, ಎದುರು ಬದಿಯ ಕಿಟಕಿಯಲ್ಲಿ, ನೀಲಿಯ ಒಂದು ಗೆರೆ ಕಂಡು ಮಾಯವಾಯಿತು. ಅಷ್ಟೇ ಅವಳು ನೋಡಿದ ಸಮುದ್ರ...

ಅವಳ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ಹಬೆಯಾಡುವ ಬಿಸಿ ಹಾಸಿಗೆ ಬಟ್ಟೆಗಳನ್ನು ಎದುರುಬದುರು ನಿಂತು ಮಡಚುವಾಗ ಹೆಂಗಸರ ಬಾಯಿಗೆ ಬಿಡುವಿರುವುದಿಲ್ಲ. ಪ್ರವಾಸದಿಂದ ಬಂದವಳನ್ನು ಎಲ್ಲರೂ ಮುತ್ತಿಕೊಂಡರು. "ನೀರು ಹೇಗಿತ್ತೇ, ಹೇಳೇ!" ಅವಳಿಗೆ ನಾಚಿಕೆಯಾಯಿತು. ಅಷ್ಟು ದೂರ ಹೋಗಿ ಕಾಲು ಕೂಡ ನೆನೆಸದೆ ಬಂದೆ ಎಂದು ಯಾವ ಬಾಯಲ್ಲಿ ಹೇಳುವುದು? "ಅಯ್ಯೋ, ಮಂಜುಗಡ್ಡೆ ಕಣ್ರೇ! ಕಾಲಿಟ್ಟರೆ ಹಲ್ಲು ಕಟಕಟ ಅನ್ನುತ್ತೆ," ಎಂದುಬಿಟ್ಟಳು. ಇಸ್ತ್ರಿ ಯಂತ್ರದ ಬಳಿಯಿದ್ದ ಹಿರಿಯಾಕೆ ಅಂಥದ್ದೇ ಒಂದು ದಡದಲ್ಲಿ ಹುಟ್ಟಿ ಬೆಳೆದವಳು. ಅವಳು ಕೈ ನಿಲ್ಲಿಸಿ ಇವಳ ಮುಖ ನೋಡಿದಳು. "ಅಲ್ಲಿನ ನೀರು ತಣ್ಣಗಿರಲ್ಲ ಮಗಳೇ, ಬೆಚ್ಚಗಿರುತ್ತೆ... ನೀನು ನೀರಿಗೆ ಇಳೀಲೇ ಇಲ್ವಾ?" ಎಂದಳು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು! ಅವಳು ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದನ್ನೇ ಮಡಚುತ್ತ ನಿಂತಿದ್ದಳು.

ಮತ್ತೆ ಪ್ರವಾಸದ ಮಾತು ಬಂದ ದಿನವೇ ಅವಳು ತೀರ್ಮಾನಿಸಿದಳು. ಈ ಸಲ ನೀರು ಹೇಗಿದೆಯೆಂದು ತಾನೇ ತಿಳಿದುಕೊಂಡು ಬರಬೇಕು. ಯಾರು ಬೈದರೂ ಸರಿ!

"ಕೇಳಿದ್ಯೇನೋ ನಿನ್ನ ಹೆಂಡತಿ ಮಾತು?" ಅತ್ತೆ ಮಗನತ್ತ ತಿರುಗಿದರು. "ಬೇಕು ಅಂತ ಬಿಟ್ಟು ಬಂದಳಂತೆ! ಇಷ್ಟು ಜನರ ಹೊಟ್ಟೆ ಮೇಲೆ ಕಲ್ಲು ಹಾಕಿ, ರಬ್ಬರು ಹೊತ್ಕೊಂಡು ಬಂದಿದ್ದಾಳೆ!"

"ಯಾರ ಹೊಟ್ಟೆ ಮೇಲೂ ಕಲ್ಲು ಹಾಕಿಲ್ಲ ಅತ್ತೆ. ಬಸ್ ನಿಲ್ದಾಣದ ಪಕ್ಕ ಡ್ರೈವರುಗಳು ಉಣ್ಣೋ ಊಟದ ಮನೆ ಇದೆ. ಬಸ್ ಇಳಿದ ಕೂಡಲೇ ವಿಚಾರಿಸಿದೆ. ಬಿಸಿ ಅನ್ನ, ಮೀನು, ಹೊಟ್ಟೆ ತುಂಬ ಹಾಕ್ತಾರೆ. ಅದರ ಖರ್ಚು ನಂದು. ಅದಕ್ಕೇ ಲಾಂಡ್ರಿಯಲ್ಲಿ ರಜದ ದಿನಾನೂ ದುಡಿದಿದ್ದೀನಿ."

"ಓಹೋ, ದುಡಿಯೋ ಜಂಬ!" ಎಂದಳು ಗಂಡನ ಅಕ್ಕ. ಕನಿಕರ ಅಷ್ಟು ಬೇಗ ಕರಗಿತ್ತು. "ಮನೆ ಹೆಂಗಸು ಒಂದು ಹೊತ್ತು ಅನ್ನ ಬೇಯಿಸಿದರೆ ಸವೆದುಹೋಗ್ತಾಳಾ?"

"ನೀವೂ ಮನೆ ಹೆಂಗಸೇ ಅಲ್ವಾ ಅತ್ತಿಗೆ? ಹೋದ ಸಲ ನೀವು ಎಷ್ಟು ಹೊತ್ತು ಬೇಯಿಸಿದ್ರಿ?"

ಭಾವ ಕೆಮ್ಮಿದ. ಅವನ ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು.

"ಬಾಯಿ ಮುಚ್ಚು!" ಅತ್ತೆ ಕಿರುಚಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು, ಕೋಪದ್ದೋ ಅವಮಾನದ್ದೋ ಅವರಿಗೂ ತಿಳಿಯದು. "ನಾನು ಸೊಸೆಯಾಗಿ ಬಂದಾಗ ನನ್ನನ್ನ ಯಾರು ಕೇಳಿದ್ರೇ, ನಿನಗೇನು ಬೇಕು ಅಂತ? ಒಲೆ ಮುಂದೆ ನನ್ನ ಆಯಸ್ಸು ಸುಟ್ಟುಹೋಯ್ತು! ನನ್ನ ಕೈ ಹಿಡಿದು ಯಾರು ನೀರಿಗೆ ಕರ್ಕೊಂಡು ಹೋದ್ರು?"

"ಯಾರೂ ಕರ್ಕೊಂಡು ಹೋಗ್ಲಿಲ್ಲ... ಅದು ಅನ್ಯಾಯ ಅತ್ತೆ," ಎಂದಳು ಸೊಸೆ. ಅವಳು ತಲೆ ತಗ್ಗಿಸಲಿಲ್ಲ. "ಅದಕ್ಕೇ ನನ್ನನ್ನೂ ಬಿಡಲ್ಲ ಅಂತೀರಾ? ನಾಳೆ ನನ್ನ ಮಗಳಿಗೂ ನಾನು ಇದೇ ಮಾತು ಹೇಳಬೇಕಾ?"

ಅತ್ತೆ ಮಗನ ತೋಳು ಹಿಡಿದರು. "ಹೋಗೋ. ಪೇಟೆಗೆ ಹೋಗಿ ಒಂದು ಪಾತ್ರೆ, ಒಂದು ಬಾಣಲೆ ತಗೊಂಡು ಬಾ. ಇವತ್ತು ಈ ಒಲೆ ಹತ್ತಲೇಬೇಕು. ಇಲ್ಲಾಂದ್ರೆ ಮುಂದಿನ ಬಸ್ಸಿಗೆ ನಾನು ವಾಪಸ್ಸು ಹೊರಟೆ!"

ಎಲ್ಲರ ಕಣ್ಣೂ ಅವನ ಮೇಲೆ ನೆಟ್ಟವು. ತನ್ನ ಟೈರು ಪಂಕ್ಚರಿನ ಅಂಗಡಿಯಲ್ಲಿ ಲಾರಿಯವರೊಡನೆ ಜಗಳಕ್ಕೆ ನಿಲ್ಲುವ ಗಂಡಸು ಅಮ್ಮನೆದುರು ಮಾತ್ರ ಮೆತ್ತಗಿನ ಮುದ್ದೆ. ಮದುವೆಯಾದಂದಿನಿಂದ ಅಮ್ಮನ ಮಾತಿಗೆ ಅವನು ಎದುರಾಡಿದ್ದನ್ನು ಅವಳು ಕಂಡಿಲ್ಲ. ಪುಟ್ಟಿಗೆ ನೀರಲ್ಲಿ ತೇಲೋಕೆ ಬೇಕು ಎಂದು ಅವಳು ಟ್ಯೂಬು ಕೇಳಿದಾಗ, ಕೆಲಸಕ್ಕೆ ಬಾರದವೆಂದು ಮೂಲೆಗೆ ಎಸೆದಿದ್ದ ಎರಡನ್ನು ಆರಿಸಿ, ತೂತುಗಳಿಗೆ ತೇಪೆ ಹಾಕಿ, ನೀರಲ್ಲಿ ಮುಳುಗಿಸಿ ನೋಡಿ ಕೊಟ್ಟಿದ್ದ. ಅವು ಪಾತ್ರೆಗಳ ಜಾಗದಲ್ಲಿ ಬಂದಿವೆಯೆಂದು ಅವನಿಗೇನು ಗೊತ್ತು? ಅವನು ಬಾಗಿ ಟ್ಯೂಬನ್ನು ಎತ್ತಿಕೊಂಡ. ತಾನೇ ಹಾಕಿದ ತೇಪೆಯ ಮೇಲೆ ಹೆಬ್ಬೆರಳಾಡಿಸಿದ. ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. ಸೊಸೆ ಅವನ ಕಾಲನ್ನೇ ನೋಡುತ್ತಿದ್ದಳು. ಪೇಟೆಗೆ ಹೋದನೋ, ಮುಗಿಯಿತು... ಇನ್ನೆಂದೂ ಅವಳು ಬಾಯಿ ತೆರೆಯುವ ಹಾಗಿಲ್ಲ!

ಅವನು ಪಂಪಿನ ತುದಿಯನ್ನು ಟ್ಯೂಬಿನ ಬಾಯಿಗೆ ಸಿಕ್ಕಿಸಿ ಗಾಳಿ ತುಂಬತೊಡಗಿದ.

"ನೀನೂನಾ..." ಅತ್ತೆಯ ದನಿ ಒಡೆಯಿತು.

"ಹೋದ ಸಲ ಅವಳು ಬಂದಿದ್ದಳು ಅನ್ನೋದೇ ನನಗೆ ನೆನಪಿಲ್ಲಮ್ಮ," ಎಂದ ಅವನು ತಲೆಯೆತ್ತದೆ. "ಎಷ್ಟು ನೆನೆಸಿಕೊಂಡರೂ ಬರೀ ಊಟದ ತಟ್ಟೆ ನೆನಪಿಗೆ ಬರುತ್ತೆ. ನನಗೇ ನಾಚಿಕೆ ಆಗ್ತಿದೆ."

ಸೊಸೆಗೆ ಅಳು ಒತ್ತರಿಸಿ ಬಂತು. ಆದರೆ ಅಳುತ್ತ ಕೂರುವ ದಿನ ಇದಲ್ಲವೆಂದುಕೊಂಡು ಮೂಗು ಒರೆಸಿಕೊಂಡಳು. ಭಾವ ಯಾರೂ ಹೇಳದೆಯೇ ಎದ್ದು, "ಆ ಊಟದ ಮನೆ ಎಲ್ಲಿದೆ ಅಂದೆ? ನಾನೇ ಹೋಗಿ ಕಟ್ಟಿಸಿಕೊಂಡು ಬರ್ತೀನಿ," ಎಂದ. ಹೆಂಡತಿ ಕರೆದರೂ ಅವನು ತಿರುಗಿ ನೋಡಲಿಲ್ಲ. ಹಸಿವು ಅವನನ್ನು ಅಷ್ಟು ಧೈರ್ಯವಂತನನ್ನಾಗಿ ಮಾಡಿತ್ತು.

"ಹೊರಗಿನ ಅನ್ನ ನಾನು ಮುಟ್ಟಲ್ಲ!" ಎಂದು ಅತ್ತೆ ಗೋಡೆಗೆ ಮುಖ ಮಾಡಿ ಕೂತರು.

ಸೊಸೆ ಹೊಸ್ತಿಲ ಬಳಿ ನಿಂತಳು. "ಊಟ ದಡಕ್ಕೇ ತರಿಸ್ತೀವಿ ಅತ್ತೆ. ನಿಮ್ಮ ಪಾಲು ತೆಗೆದಿಟ್ಟಿರ್ತೀನಿ. ಇಲ್ಲಿಗೆ ತಂದುಕೊಡಲ್ಲ. ನೀವೇ ಬನ್ನಿ."

ತೆಂಗಿನ ಸಾಲು ದಾಟಿದರೆ ಸಮುದ್ರ. ಇಷ್ಟು ಹತ್ತಿರವಿತ್ತೇ! ಇಷ್ಟು ಹತ್ತಿರವಿದ್ದೂ ಹೋದ ಸಲ... ಅವಳು ಯೋಚಿಸುವುದನ್ನು ನಿಲ್ಲಿಸಿ ಚಪ್ಪಲಿ ಕಳಚಿದಳು. ಪುಟ್ಟಿ ಕೈ ಹಿಡಿದು ಎಳೆಯುತ್ತಿದ್ದಳು. ಮರಳು ಅಂಗಾಲನ್ನು ಸುಟ್ಟಿತು, ಆಮೇಲೆ ಗಟ್ಟಿಯಾಯಿತು, ಆಮೇಲೆ ಒದ್ದೆಯಾಯಿತು. ಅಲೆಯೊಂದು ನೊರೆ ಚೆಲ್ಲುತ್ತ ಬಂದು ಅವಳ ಮೀನಖಂಡದವರೆಗೂ ಏರಿತು.

"ಬೆಚ್ಚಗಿದೆ!" ಅವಳು ಕೂಗಿಬಿಟ್ಟಳು. "ಪುಟ್ಟಿ... ನಿಜವಾಗ್ಲೂ ಬೆಚ್ಚಗಿದೆ ಕಣೇ!" ನಗುತ್ತಲೇ ಅತ್ತಳು. ಕೆನ್ನೆಯ ಮೇಲಿನ ನೀರು ಅಲೆಯದೋ ಕಣ್ಣಿನದೋ ಎಂದು ಮಗಳು ಕೇಳಲಿಲ್ಲ. ಗಂಡ ಟ್ಯೂಬನ್ನು ನೀರಿಗೆ ಉರುಳಿಸಿ, ಹೆಂಡತಿಯನ್ನು ಅದರ ಮೇಲೆ ಕೂರಿಸಿ, ಅಲೆ ಬಂದಾಗಲೆಲ್ಲ ಭದ್ರವಾಗಿ ಹಿಡಿದುಕೊಂಡ.

"ಅಮ್ಮಾ, ಅಜ್ಜಿ ಕೂಡ ಹೋದ ಸಲ ನೀರಿಗೆ ಇಳಿಲಿಲ್ಲ, ಗೊತ್ತಾ?" ಎಂದಳು ಪುಟ್ಟಿ, ಇನ್ನೊಂದು ಟ್ಯೂಬಿಗೆ ಜೋತುಬಿದ್ದು. "ಎಲ್ಲರ ಚಪ್ಪಲಿ ಕಾಯ್ತಾ ಅಲ್ಲೇ ಕೂತಿರ್ತಿದ್ರು. ದಿನಾ."

ಸೊಸೆಗೆ ಇದು ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದವಳಿಗೆ ಗೊತ್ತಾಗುವುದಾದರೂ ಹೇಗೆ? ಅತ್ತೆ ಮಹಾರಾಣಿಯ ಹಾಗೆ ನೀರಾಡಿ ಬರುತ್ತಾರೆಂದೇ ಅವಳು ಅಷ್ಟು ದಿನ ಹೊಟ್ಟೆ ಉರಿಸಿಕೊಂಡಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ತೆಂಗಿನ ಸಾಲಿನಿಂದ ಒಂದು ಆಕೃತಿ ಬಂತು. ಅತ್ತೆ! ಅವರು ಯಾರ ಮುಖವನ್ನೂ ನೋಡದೆ ಮಗಳು ಅಳಿಯ ಕೂತಿದ್ದಲ್ಲಿಗೆ ಹೋಗಿ, ಎತ್ತಿಟ್ಟಿದ್ದ ಪೊಟ್ಟಣ ಬಿಚ್ಚಿ, "ಉಪ್ಪು ಜಾಸ್ತಿ," ಎಂದರು. ಒಂದಗುಳೂ ಬಿಡದೆ ತಿಂದರು. ಆಮೇಲೆ ಮರಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಒಂದೊಂದಾಗಿ ಕೂಡಿಹಾಕಿ, ಅವುಗಳ ಪಕ್ಕ ಕೂತರು.

ಸೊಸೆ ನೀರಿನಿಂದ ಎದ್ದು ಬಂದಳು. "ಅವನ್ನ ಯಾರೂ ಕದಿಯಲ್ಲ ಅತ್ತೆ."

"ಅಲೆ ಎಳ್ಕೊಂಡು ಹೋಗುತ್ತೆ."

"ಹೋದ್ರೆ ಹೋಗ್ಲಿ. ಬರಿಗಾಲಲ್ಲಿ ಮನೆಗೆ ಹೋಗೋಣ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಒದ್ದೆ ಬಟ್ಟೆ, ಕೆದರಿದ ಕೂದಲು, ಮರಳು ಮೆತ್ತಿದ ಕಾಲು. "ಸಂಜೆಗೂ ಒಲೆ ಹಚ್ಚಲ್ಲ ಅನ್ನು."

"ಇಲ್ಲ ಅತ್ತೆ."

"ನಾಳೆ?"

"ನಾಳೆನೂ ಇಲ್ಲ."

"ಮನೆಗೆ ಹೋದ ಮೇಲೆ ನಿನ್ನನ್ನ ವಿಚಾರಿಸ್ಕೋತೀನಿ."

"ವಿಚಾರಿಸ್ಕೊಳ್ಳಿ. ಈಗ ಏಳಿ," ಎಂದು ಸೊಸೆ ಕೈ ಚಾಚಿದಳು.

ಅತ್ತೆ ಆ ಕೈ ಹಿಡಿಯಲಿಲ್ಲ. ತಾವೇ ಮೊಣಕಾಲಿಗೆ ಕೈಯೂರಿ ಎದ್ದರು. ನೀರಿನ ಅಂಚಿನಲ್ಲಿ ನಿಂತರು. ಅಲೆ ಬಂದು ಪಾದ ಮುಚ್ಚಿದಾಗ ಅವರ ಬಾಯಿಂದ ಏನೋ ಒಂದು ಉದ್ಗಾರ ಹೊರಟು ಗಂಟಲಲ್ಲೇ ನಿಂತಿತು. ಎಷ್ಟೋ ಹೊತ್ತು ಅವರು ಕದಲಲಿಲ್ಲ. ಆಮೇಲೆ ದೂರದಲ್ಲಿ ತೇಲುತ್ತಿದ್ದ ಕರಿಯ ಟ್ಯೂಬನ್ನು ದಿಟ್ಟಿಸುತ್ತ, ಯಾರನ್ನೂ ಕೇಳದವರಂತೆ ಕೇಳಿದರು.

"ಆ ರಬ್ಬರು... ನನ್ನ ಭಾರ ತಡಿಯುತ್ತೇನೋ?"

ಮಗ ನೀರಿನಿಂದಲೇ ಜೋರಾಗಿ ಕೂಗಿದ. "ಲಾರೀದಮ್ಮಾ ಅದು!"

ಈ ಸಲ ಅತ್ತೆಯೇ ಕೈ ಚಾಚಿದರು. ಸೊಸೆ ಅದನ್ನು ಹಿಡಿದುಕೊಂಡಳು. ಇಬ್ಬರೂ ನೀರಿಗಿಳಿದರು.