ಅವನು ಅಳಿಸಿದ ಒಂದು ಪದ

"ಬೋರ್ಡ್ ಬಿಟ್ಟು ಹೋಗಿ. ನಾಡಿದ್ದು ಬನ್ನಿ."

ಅವಳು ತಲೆ ಎತ್ತದೆಯೇ ಹೇಳಿದಳು. ವಾಷಿಂಗ್ ಮಷಿನ್ ಬೋರ್ಡುಗಳನ್ನು ರಿಪೇರಿ ಮಾಡುವ ಆ ಇಕ್ಕಟ್ಟು ಅಂಗಡಿಯಲ್ಲಿ ಬೆಳಗ್ಗೆಯಿಂದ ಉಸಿರಾಡಲೂ ಪುರುಸೊತ್ತಿರಲಿಲ್ಲ.

"ಇದು ವಾಷಿಂಗ್ ಮಷಿನ್‌ದಲ್ಲ..."

ಆ ದನಿ!

ಅವಳ ಕೈ ಅಲ್ಲೇ ನಿಂತಿತು. ಮೂರು ವರ್ಷ... ಯಾರ ಮುಖವನ್ನು ಸತ್ತರೂ ನೋಡುವುದಿಲ್ಲ ಎಂದುಕೊಂಡಿದ್ದಳೋ ಆ ಮನುಷ್ಯ ಎದುರಿಗೇ ನಿಂತಿದ್ದ.

"ಏನಾಗ್ಬೇಕಿತ್ತು ಸರ್?"

ಆ 'ಸರ್' ಅವನಿಗೆ ಚುಚ್ಚಿತು. ಚುಚ್ಚಲಿ ಎಂದೇ ಹೇಳಿದ್ದಳು.

ಒಳಗಿನಿಂದ ಅಂಗಡಿಯ ಒಡತಿ ಇಣುಕಿದಳು. "ಯಾರೇ ಅದು, ಗಿರಾಕಿನಾ?"

"ಅಲ್ಲಕ್ಕಾ. ಹಳೇ ಪೀಡೆ."

ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ಕಂಪನಿಯಲ್ಲಿದ್ದರು. ರೋಗಿಯ ಮೈಗೆ ಹನಿಹನಿಯಾಗಿ ಔಷಧಿ ಬಿಡುವ ಪಂಪ್ ತಯಾರಾಗುತ್ತಿತ್ತು. ಅದರ ಮೋಟರ್ ನಡೆಸುವ ಪ್ರೋಗ್ರಾಂ ಅವಳದು, ಅದನ್ನು ಓದಿ ಒಪ್ಪಿಗೆ ಕೊಡುವ ಸೀನಿಯರ್ ಅವನು. ಇಬ್ಬರ ಮದುವೆಯ ಮಾತೂ ಆಗಿತ್ತು.

ಡಾಕ್ಟರುಗಳ ಮುಂದೆ ಪರೀಕ್ಷೆ ನಡೆದ ದಿನ ಮೋಟರ್ ನಿಲ್ಲಲೇ ಇಲ್ಲ! ಸಿರಿಂಜ್ ಒಡೆದು, ಔಷಧಿಯ ಬದಲು ತುಂಬಿದ್ದ ನೀರು ಮೇಜಿನ ತುಂಬ ಚೆಲ್ಲಿತು. 'ಪ್ರೋಗ್ರಾಂ ಬರೆದವಳ ಅಜಾಗರೂಕತೆ' ಎಂಬ ವರದಿಗೆ ಅವನೇ ಸಹಿ ಹಾಕಿದ. ಅಂದೇ ಅವಳ ಕಂಪ್ಯೂಟರ್ ಕಿತ್ತುಕೊಂಡರು. ಆಮೇಲೆ ಯಾವ ಕಂಪನಿಯೂ ಅವಳನ್ನು ಹತ್ತಿರ ಸೇರಿಸಲಿಲ್ಲ.

"ತಪ್ಪು ನಿನ್ನದಲ್ಲ," ಎಂದ ಅವನು. "ನಂದು."

"ಏನಂದ್ರಿ?"

"ಮೊನ್ನೆ ಹೊಸ ಪಂಪೂ ಹಾಗೇ ನಿಲ್ಲದೆ ಓಡ್ತು, ಇದು ಅದರದೇ ಬೋರ್ಡ್. ಆಗ ಹಳೇ ಕೋಡ್ ತೆಗೆದು ನೋಡಿದೆ. 'ವೋಲಟೈಲ್' ಅಂತ ನೀನು ಬರೆದಿದ್ದೆ. ಪರೀಕ್ಷೆಯ ಹಿಂದಿನ ದಿನ ಕೋಡ್ ಚೊಕ್ಕ ಮಾಡ್ತಾ, ಸುಮ್ನೆ ಇದೆ ಅಂತ ನಾನೇ ಅಳಿಸಿದ್ದೆ..."

ಒಂದೇ ಒಂದು ಪದ! ಸಿರಿಂಜಿನ ಪಿಸ್ಟನ್ ಕೊನೆ ಮುಟ್ಟಿತೇ ಎಂದು ಸೆನ್ಸರನ್ನು ಪ್ರತಿ ಸಲವೂ ಹೋಗಿ ನೋಡಿ ಬಾ ಎನ್ನುವ ಪದ. ಅದಿಲ್ಲದಿದ್ದರೆ, ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಅತಿಬುದ್ಧಿವಂತಿಕೆ ತೋರಿಸಿ, ಒಮ್ಮೆ ನೋಡಿದರೆ ಸಾಕು ಎಂದು ತೀರ್ಮಾನಿಸಿಬಿಡುತ್ತದೆ; ಮೋಟರ್ ನಿಲ್ಲುವುದೇ ಇಲ್ಲ.

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ನಾನೇ ಮರೆತೆನೇ... ನಾನೇ ಬಿಟ್ಟೆನೇ... ಎಂದು ಮೂರು ವರ್ಷ ತನ್ನ ಕೈಯನ್ನೇ ಅನುಮಾನಿಸಿದ್ದಳು!

"ಆವತ್ತು ಒಂದು ಸಲ ನನ್ನ ಕೇಳ್ಬಾರ್ದಿತ್ತಾ? ಒಂದೇ ಒಂದು ಸಲ!"

ಅವನು ಮೊಬೈಲ್ ತೆಗೆದು ಮುಂದೆ ಹಿಡಿದ. ಕಂಪನಿಗೆ ಬರೆದ ಪತ್ರ. ತಪ್ಪು ತನ್ನದೆಂದು ಸ್ಪಷ್ಟವಾಗಿ ಬರೆದಿದ್ದ.

ಓದಿ ಅವಳ ಕಣ್ಣು ತುಂಬಿತು. ಕೊನೆಗೆ ಬಂದಾಗ ಉರಿಯಿತು.

"ಇನ್ನೂ ಕಳಿಸೇ ಇಲ್ಲ!"

"ನೀನು ಕ್ಷಮಿಸ್ತೀಯಾ ಅಂತ ಕೇಳ್ಕೊಂಡು..."

"ಓಹೋ! ಕ್ಷಮಿಸದಿದ್ರೆ ನನ್ನ ಹೆಸರು ಹಾಗೇ ಕೊಳೀಲಿ, ನಿನ್ನ ಕೆಲಸ ಭದ್ರವಾಗಿರ್ಲಿ. ಅಲ್ವಾ?"

ಸಿಟ್ಟಿನಲ್ಲಿ 'ನೀವು' ಹೋಗಿ 'ನೀನು' ಬಂದಿದ್ದು ಅವಳಿಗೆ ಗೊತ್ತಾಗಲಿಲ್ಲ.

ಅವನ ಮುಖ ಕಪ್ಪಿಟ್ಟಿತು. ಅವಳ ಎದುರಿಗೇ ಪತ್ರ ಕಳಿಸಿದ.

ಐದು ನಿಮಿಷವೂ ಆಗಿರಲಿಲ್ಲ, ಮೇಲಧಿಕಾರಿಯ ಫೋನ್ ಬಂತು.

"ಹೌದು ಸರ್... ನಾನೇ ಅಳಿಸಿದ್ದು. ಅವಳದೇನೂ ತಪ್ಪಿಲ್ಲ... ಸರಿ ಸರ್. ನಾಳೆಯಿಂದ ಬರಲ್ಲ."

ಅವನು ಫೋನ್ ಕೆಳಗಿಟ್ಟ. ಅವಳು ಸ್ಟೂಲೊಂದನ್ನು ಕಾಲಿನಿಂದಲೇ ಅವನತ್ತ ತಳ್ಳಿದಳು.

"ಕ್ಷಮಿಸಿಲ್ಲ," ಎಂದಳು.

"ಗೊತ್ತು. ನಾಳೆ ಬಂದು ಕೇಳ್ಲಾ?"

"ನಾಳೆಯೂ ಇಲ್ಲ ಅಂತೀನಿ."

"ನಾಡಿದ್ದು?"

ಅವಳ ತುಟಿ ಅದುರಿತು. ಅವನು ತಂದ ಬೋರ್ಡನ್ನು ದೀಪದಡಿಗೆ ಎಳೆದುಕೊಂಡಳು.

"ದಿನಾ ಬಂದು ಕೇಳು. ಒಂದ್ಸಲ ಇಲ್ಲ ಅಂದಿದ್ಲು ಅಂತ ಮನೇಲಿ ಕೂತ್ಬಿಡ್ಬೇಡ."