ಇಳಿದ ಮೇಲೆ?

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಮಟಮಟ ಮಧ್ಯಾಹ್ನ ನಡೆದದ್ದು. ನನಗೆ ವಿಮಾನ ಹಾರಿಸಲು ಕಲಿಸಿದ ಡೊಳ್ಳು ಹೊಟ್ಟೆಯ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತು ಅರ್ಧ ಮಾತು ಹೇಳುತ್ತಿದ್ದರು. ಉಳಿದರ್ಧ ನಾವು ಹೇಳಬೇಕು.

"ವೇಗ ಇದ್ರೆ?"

"ಜೀವ ಇದೆ ಸಾರ್."

"ಎತ್ತರ ಇದ್ರೆ?"

"ಯೋಚಿಸೋಕೆ ಟೈಮಿದೆ ಸಾರ್."

ಉತ್ತರ ಬರದಿದ್ದರೆ ಸೀಟಿನಿಂದ ಏಳಲು ಬಿಡುತ್ತಿರಲಿಲ್ಲ.

ಅವರು ತೀರಿಕೊಂಡ ಮೂರು ವಾರಕ್ಕೆ ನಾನು ಒಬ್ಬನೇ ಹಾರಿದೆ. ಇಳಿಯಲು ತಿರುಗುವಾಗ, ಕಾದ ಕಾವಲಿಯಂತಿದ್ದ ಕಾಕ್‌ಪಿಟ್‌ನಲ್ಲಿ ನನ್ನ ಕತ್ತಿನ ಹಿಂಭಾಗ ಮಾತ್ರ ತಣ್ಣಗಾಯಿತು. ಹೆಡ್‌ಫೋನಿನಲ್ಲಿ ಕೇಳಿಸಿತು: "ವೇಗ ಇದ್ರೆ?"

"ಜೀವ ಇದೆ ಸಾರ್," ಎಂದಿತು ಬಾಯಿ, ರೂಢಿಯಿಂದ. ನೋಡಿದರೆ ವೇಗ ನಿಜಕ್ಕೂ ಕುಸಿದಿತ್ತು. ವಿಮಾನದ ಮೂತಿ ತಗ್ಗಿಸಿ, ವೇಗ ಏರಿಸಿಕೊಂಡು ಬದುಕಿಕೊಂಡೆ. ನೆಲ ಮುಟ್ಟಿ ಎಂಜಿನ್ ಆರಿಸಿದಾಗ ಮತ್ತೆ ಅದೇ ದನಿ: "ಇಳಿದ ಮೇಲೆ?"

ಈ ಮಾತನ್ನು ಅವರು ಕಲಿಸಿಯೇ ಇರಲಿಲ್ಲ.

"ಗೊತ್ತಿಲ್ಲ ಸಾರ್."

"ಇಳಿದ ಮೇಲೆ?"

ನನ್ನ ಬೆಲ್ಟ್ ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲ. ನನ್ನ ಕಿರುಚಾಟ ಕೇಳಿ ಓಡಿಬಂದ ಮೆಕ್ಯಾನಿಕ್ ಅಣ್ಣ ಅದನ್ನು ಕತ್ತರಿಸಿ ನನ್ನನ್ನು ಹೊರಗೆಳೆದ. ಆಮೇಲೆ ಹಿಂದಿನ ಸೀಟಿನತ್ತ ನೋಡಿದವನ ಕೈಯಿಂದ ಕತ್ತರಿ ಜಾರಿ ಬಿತ್ತು. ಹಾರುವ ಮುಂಚೆ ಆ ಖಾಲಿ ಸೀಟಿಗೆ ಅಂಟುವಂತೆ ನಾನೇ ಬಿಗಿದಿದ್ದ ಬೆಲ್ಟ್, ಈಗ ಮೇಷ್ಟ್ರ ಹೊಟ್ಟೆಯ ಅಳತೆಗೆ ಗಾಳಿಯಲ್ಲಿ ಉಬ್ಬಿ ನಿಂತಿತ್ತು.