ಎಂಜಿನ್ ತಣಿಯುವ ತನಕ

"ರಾಜೀವಿ ಅಂದ್ರೆ ನೀವೇ ಅಲ್ವಾ? ನಿಮ್ಮ ಅಪ್ಪನಿಗೆ ಎದೆನೋವಂತೆ. ಘಾಟ್ಕೋಪರ್‌ನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಬೇಗ ಹೊರಡಿ."

ಮಾಟುಂಗದ ಹೊಲಿಗೆ ಕ್ಲಾಸಿನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವನು ಶೇಖರ. ಕೆಳಗಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಆ ಬಿಲ್ಡಿಂಗಿಗೆಲ್ಲ ಫೋನ್ ಇದ್ದದ್ದು ಆ ಹೋಟೆಲಿನಲ್ಲಿ ಮಾತ್ರ.

ಕ್ಲಾಸಿನಲ್ಲಿ ಹೊಲಿಗೆ ಕಲಿಸುತ್ತಿದ್ದ ರಾಜೀವಿ ಅದುವರೆಗೆ ಅವನನ್ನು ಮುಖವೆತ್ತಿ ನೋಡಿದವಳಲ್ಲ. ಈಗ ನೋಡಿದಳು... ಆದರೆ ಕಣ್ಣಿಗೆ ಏನೂ ಕಾಣಿಸಲಿಲ್ಲ.

ಅದು ಎಪ್ಪತ್ತನಾಲ್ಕರ ಮೇ ತಿಂಗಳು. ರೈಲ್ವೆ ಮುಷ್ಕರ. ಲೋಕಲ್ ನಂಬುವಂತಿರಲಿಲ್ಲ, ಬಸ್ಸುಗಳಲ್ಲಿ ಜನ ಜೋತುಬಿದ್ದಿದ್ದರು. ತನ್ನ ಬೈಕಿನಲ್ಲಿ ಬಿಟ್ಟು ಬರುತ್ತೇನೆ ಎಂದ ಶೇಖರ. ಅವನ ಸೋದರಮಾವ ಊರೂರು ತಿರುಗಿ, ಕೊನೆಗೆ ಇವನಿಗೆ ಕೊಟ್ಟುಹೋದ ಹಳೆಯ ವಿಲಾಯಿತಿ ಬೈಕು. ಜನ ಏನೆಂದಾರು ಎಂದು ಯೋಚಿಸಲೂ ಅವಳಿಗೆ ಪುರುಸೊತ್ತಿರಲಿಲ್ಲ. ಹತ್ತಿ ಕೂತಳು.

ಸಯನ್ ತನಕ ಗಾಡಿಗಳ ಸಂದಣಿಯಲ್ಲಿ ತೆವಳುತ್ತ ಹೋಯಿತು. ಅಲ್ಲಿ ಮುಷ್ಕರದವರ ಮೋರ್ಚಾ ಅಡ್ಡ ಬಂತು. ಪೊಲೀಸರು ಗಾಡಿಗಳನ್ನೆಲ್ಲ ತಡೆದರು. ಶೇಖರ ಎಂಜಿನ್ ಆರಿಸಿದ. ದಾರಿ ಬಿಟ್ಟಾಗ ಕಿಕ್ ಹೊಡೆದ.

ಬೈಕು ಸ್ಟಾರ್ಟ್ ಆಗಲಿಲ್ಲ.

ಮತ್ತೆ ಮತ್ತೆ ಹೊಡೆದ. ಪ್ಲಗ್ ಬಿಚ್ಚಿ ಒರೆಸಿದ. ಪೆಟ್ರೋಲ್ ಬರುತ್ತಿದೆಯೇ ನೋಡಿದ, ಬರುತ್ತಿತ್ತು. ಉರಿಬಿಸಿಲಲ್ಲಿ ತಳ್ಳಿಕೊಂಡು ಓಡಿದ. ಏನು ಮಾಡಿದರೂ ಅದು ಕೆಮ್ಮಲೂ ಇಲ್ಲ.

ರಸ್ತೆ ಬದಿಯಲ್ಲಿ ನಿಂತು ರಾಜೀವಿ ಕೈ ತೋರಿದರೂ ಯಾವ ಟ್ಯಾಕ್ಸಿಯೂ ನಿಲ್ಲಲಿಲ್ಲ. 'ಅಪ್ಪಾ, ಸ್ವಲ್ಪ ತಡೀರಿ... ಬರ್ತಿದ್ದೇನೆ...' ಕೊನೆಗೆ ಅಳುತ್ತಲೇ ನಡೆಯತೊಡಗಿದಳು.

ಅವಳು ಆಸ್ಪತ್ರೆ ಮುಟ್ಟಿದಾಗ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಕೊನೆಯ ತನಕ ನಿನ್ನನ್ನೇ ಕೇಳುತ್ತಿದ್ದರು ಎಂದಳು ಅಮ್ಮ. ರಾಜೀವಿಯ ಕಣ್ಣೀರು ಅಲ್ಲಿಗೇ ಬತ್ತಿಹೋಯಿತು.

ಉತ್ತರಕ್ರಿಯೆಯ ದಿನ ಶೇಖರ ಅವಳ ಚಾಳಿನ ಮನೆಬಾಗಿಲಿಗೆ ಬಂದ. ಅವಳು ಒಳಗೆ ಕರೆಯಲಿಲ್ಲ.

"ಕೆಟ್ಟ ಗಾಡಿ ಅಂತ ಗೊತ್ತಿದ್ದೂ ಹತ್ತಿಸಿಕೊಂಡ್ರಿ. ಬಸ್ಸಿಗೆ ನೇತಾಡಿಕೊಂಡು ಹೋಗಿದ್ರೂ ನಾನು ಅಪ್ಪನ ಮುಖ ನೋಡ್ತಿದ್ದೆ."

ಅವನು ತಲೆತಗ್ಗಿಸಿ ಹೋದ. ಬೈಕು ಯಾಕೆ ನಿಂತಿತೆಂದು ಅವನಿಗೇ ತಿಳಿದಿರಲಿಲ್ಲ.

ಆಮೇಲೆ ಬಿಡುವಾದಾಗಲೆಲ್ಲ ಹೋಟೆಲಿನ ಹಿಂದಿನ ಓಣಿಯಲ್ಲಿ ಅವನು ಅದನ್ನು ಬಿಚ್ಚಿಕೊಂಡು ಕೂತ. ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ತೊಳೆದ, ವೈರುಗಳನ್ನು ತಡವಿದ. ಆದರೆ ಕಿಕ್ ಹೊಡೆದಾಗಲೆಲ್ಲ ಬೈಕು ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಮೇಲಿನ ಕ್ಲಾಸಿನಲ್ಲಿ ಆ ಸದ್ದು ಕೇಳಿದಾಗ ರಾಜೀವಿಯ ಎದೆ ಉರಿಯುತ್ತಿತ್ತು. 'ಇವತ್ತು ಆಗ್ತದೆ, ನಾಳೆಯೂ ಆಗ್ತದೆ... ಆ ದಿನ ಮಾತ್ರ ಯಾಕೆ ಆಗಲಿಲ್ಲ?'

ಮಳೆಗಾಲ ಮುಗಿಯುವಾಗ ಒಂದು ಮಧ್ಯಾಹ್ನ ಅವನು ಕ್ಲಾಸಿನ ಮೆಟ್ಟಿಲಲ್ಲಿ ಎದುರಾದ. ಕಾರಣ ಸಿಕ್ಕಿದೆ, ಪವಾಯಿ ಕೆರೆಯ ತನಕ ಬಂದು ಕಣ್ಣಾರೆ ನೋಡಿ, ಆಮೇಲೆ ಬೈದರೂ ಸರಿ ಎಂದು ಬೇಡಿಕೊಂಡ. ಇಲ್ಲವೆನ್ನಲು ಹೋದವಳ ಕಣ್ಣಿಗೆ ಅವನ ಗುಳಿಬಿದ್ದ ಮುಖ ಕಾಣಿಸಿತು. ಹೂಂ ಎಂದಳು.

ಕೆರೆಯ ಬಳಿ ಅವನು ಎಂಜಿನ್ ಆರಿಸಿದ. ಕಿಕ್ ಹೊಡೆದ. ಮತ್ತದೇ ಮೌನ. ಕೈಗೆ ಬಟ್ಟೆ ಸುತ್ತಿಕೊಂಡು ಪ್ಲಗ್ ಬಿಚ್ಚಿ, ಎಂಜಿನ್ನಿಗೆ ತಾಗಿಸಿಟ್ಟು ಮತ್ತೊಮ್ಮೆ ಕಿಕ್ ಹೊಡೆದ. ಕಿಡಿ ಹಾರಬೇಕಿತ್ತು. ಹಾರಲಿಲ್ಲ.

ಕಿಡಿ ಕೊಡುವ ಮ್ಯಾಗ್ನೆಟೋದ ಸುರುಳಿ ಒಳಗೇ ಹಾಳಾಗಿದೆ ಎಂದ. ತಣ್ಣಗಿದ್ದಾಗ ಸರಿ, ಚೆನ್ನಾಗಿ ಬಿಸಿಯಾದರೆ ಸತ್ತಂತೆ. ಅವನು ರೂಮಿನಿಂದ ಹೋಟೆಲಿಗಷ್ಟೇ ಓಡಿಸುತ್ತಿದ್ದ. ಇಬ್ಬರನ್ನು ಹೊತ್ತು, ಉರಿಬಿಸಿಲಲ್ಲಿ ತೆವಳಿ, ಅಷ್ಟು ಬಿಸಿಯಾದದ್ದು ಆ ದಿನವೇ ಮೊದಲು.

"ನನಗೆ ಗೊತ್ತಿರಲಿಲ್ಲ ರಾಜೀವಿ. ಈಗ ಗೊತ್ತಾಗಿಯಾದ್ರೂ ಏನು... ನಿಮ್ಮ ಅಪ್ಪನನ್ನು ತಂದುಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅಷ್ಟು ತಿಂಗಳ ಮೇಲೆ ರಾಜೀವಿ ಬಿಕ್ಕಿ ಬಿಕ್ಕಿ ಅತ್ತಳು.

"ಯಾರನ್ನಾದ್ರೂ ಬೈಲೇಬೇಕಿತ್ತು. ಇಲ್ಲದಿದ್ರೆ ನಾನು ಸತ್ತೇ ಹೋಗ್ತಿದ್ದೆ... ನೀವು ಸಿಕ್ಕಿದ್ರಿ."

ಎಂಜಿನ್ ತಣಿಯುವ ತನಕ ಮಾಡುವುದೇನೂ ಇರಲಿಲ್ಲ. ದಡದ ಕಲ್ಲಿನ ಮೇಲೆ ಇಬ್ಬರೂ ಕೂತರು. ಅವನು ನೀರನ್ನೇ ನೋಡುತ್ತ, ನೀವು ಬೈದ ದಿನದಿಂದ ನಿಮ್ಮನ್ನು ಬಿಟ್ಟು ಬೇರೇನೂ ತಲೆಗೆ ಹೋಗುತ್ತಿಲ್ಲ ಎಂದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಪ್ಪನ ವರ್ಷಾಂತಿಕ ಆಗುವ ತನಕ ಅಮ್ಮನ ಹತ್ರ ಏನೂ ಹೇಳ್ಲಿಕ್ಕಾಗುದಿಲ್ಲ. ಕಾಯ್ತೀರಾ?"

"ಕಾಯ್ತೇನೆ. ನೀವು?"

"ನಾನು ಈಗ್ಲೇ ಕಾಯ್ತಾ ಕೂತಿದ್ದೇನಲ್ಲ..."